ಪಕ್ಕದ ಮನೆಯ ಟೀಚರ್ ಮತ್ತು ಮಣಿಪಾಲದ ಫೋಲ್ಡರ್

ಅನ್ವಿತಾ, ಶ್ರೇಯಸ್, ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಟೀಚರ್ ಇದ್ದರು. ನಿಟ್ಟೆಯಲ್ಲಿ ಕಂಪ್ಯೂಟರ್ ಕಲಿಸಿದವರು. ಯಾವ ಗುಂಡಿ ಒತ್ತುವ ಮೊದಲೂ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, "ಅವಸರ ಎಂತಕ್ಕೆ?" ಎನ್ನುವರು.

ತೀರಿಹೋದ ನಿಮ್ಮ ಅಜ್ಜನ ಧ್ವನಿಯ ರೆಕಾರ್ಡುಗಳು ಇದ್ದದ್ದು ನಿಮ್ಮ ಅಪ್ಪನ ಮಣಿಪಾಲದ ಅಂಗಡಿಯ ಕಂಪ್ಯೂಟರಿನಲ್ಲಿ. ಅದರಲ್ಲಿ ಜಾಗವಿಲ್ಲವೆಂದು ಅವನು ಗೊಣಗುತ್ತಿದ್ದ. ಟೀಚರ್ ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಕಿಟಕಿ ತೆರೆದು, ಅಂಗಡಿಯ ವಿಳಾಸ, ಪಾಸ್‌ವರ್ಡ್ ಬರೆದು 'ಮೌಂಟ್', ಅಂದರೆ ಜೋಡಿಸು, ಒತ್ತಿದರು. ಆ ಫೋಲ್ಡರ್ ನಮ್ಮದರಂತೆಯೇ ಪರದೆಯ ಮೇಲೆ ಕಾಣಿಸಿತು. ಅದರಲ್ಲಿ ಒಂದು ರೆಕಾರ್ಡು ಹಾಕಿದರೆ ಅಜ್ಜ ಮಾತಾಡಿದರು.

"ಬಂತಲ್ಲ! ಇನ್ನು ಅಂಗಡಿಯದ್ದು ಅಳಿಸಲಿಕ್ಕೆ ಮಗನಿಗೆ ಹೇಳ್ತೇನೆ," ಎಂದು ನಾನು ಫೋನ್ ಎತ್ತಿದೆ.

"ಅಯ್ಯೋ ಅಕ್ಕಾ, ಬೇಡ! ಇಲ್ಲಿಗೆ ಬರ್ಲಿಲ್ಲ, ಇಲ್ಲಿ ಕಾಣುವುದು ಮಾತ್ರ. ಅಲ್ಲಿ ಅಳಿಸಿದರೆ ಇಲ್ಲಿಯೂ ಇಲ್ಲ."

"ಹಾಗಾದ್ರೆ ಇಷ್ಟು ಹೊತ್ತು ಇವರು ಮಾತಾಡಿದ್ದು ಮಣಿಪಾಲದಿಂದಲಾ?"

"ಹೌದು ಮಾರಾಯ್ರೆ!" ಟೀಚರ್ ನಕ್ಕು, ಎಲ್ಲವನ್ನೂ ನಮ್ಮ ಕಂಪ್ಯೂಟರಿಗೆ ನಕಲು ಮಾಡಿದರು. ಆಮೇಲೆ ಇಂಟರ್ನೆಟ್ಟಿನ ವಯರು ಕಿತ್ತು, ರೆಕಾರ್ಡು ಹಾಕಿದರು.

"ಚಾ ಆಯ್ತಾ?" ಎಂದಿತು ಅಜ್ಜನ ಧ್ವನಿ.

ಮಕ್ಕಳೇ, ನಾನು ಇದನ್ನೆಲ್ಲ ಬರೆದಿಟ್ಟ ಈ ಹಾಳೆಗಳ ಫೋಟೋ ತೆಗೆದುಕೊಂಡರೆ ಸಾಲದು. ಹಾಳೆಗಳನ್ನೇ ಒಯ್ದು ನಿಮ್ಮ ಕಪಾಟಿನಲ್ಲಿಡಿ.