ಡಾಬಕಾದ ಬಾವಿನೀರು

ನಮ್ಮ ಕೆಮಿಸ್ಟ್ರಿ ಮೇಡಂ ಅವರ ಬಲಗೈ ಹೆಬ್ಬೆರಳಿನ ಮೇಲೆ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆ. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರುಗಳ ಮೇಲೆ ಆ ಬೆರಳು ಇಳಿಯುತ್ತ ಬಂದರೆ ಇಡೀ ಕ್ಲಾಸು ಗಪ್‌ಚಿಪ್.

ನನಗೆ ಡಿಬೇಟಿನ ಚಟ. ಬೀದರಿನ ಕಾಲೇಜಿಗೆ ಸೇರಿದ ಮೊದಲ ವರ್ಷವೇ ಅವರೆದುರು ವಾದಕ್ಕೆ ನಿಂತೆ.

"ರಿಸರ್ಚ್ ಈಗೇ ಶುರು ಮಾಡಬೇಕ್ರಿ ಮೇಡಂ. ನೀರಿಗಿ ಇಳೀಲಾರ್ದ ಈಜು ಹ್ಯಾಂಗ ಬರ್ತದ್ರಿ?"

"ಬಾಯಿ ಭಾಳ ಚುರುಕದ ನಿಂದು. ಕೈ? ಮೂರನೇ ವರ್ಷ ಬಾ, ನೋಡಮ್. ಅಲ್ಲೀತನಕ ನಿಮ್ಮೂರ ಬಾವಿ ನೀರು ತಂದು ಉಪ್ಪು ಎಷ್ಟದ ನೋಡ್ಕೋತ ಇರು."

ನಮ್ಮೂರು ಔರಾದ ಕಡೆಯ ಡಾಬಕಾ. ಎರಡು ವರ್ಷ, ಸೋಮವಾರ ಬಂತೆಂದರೆ ಬಸ್ಸಿನಲ್ಲಿ ಬಾಟಲಿ ತೊಡೆಯ ಮೇಲೆ. "ಗಂಗಾಜಲ ಅದೇನವ್ವಾ?" ಎಂದು ಕಂಡಕ್ಟರು ಕಾಡುತ್ತಿದ್ದ. ಹಳದಿ ಬಣ್ಣ ಬೆರೆಸಿದ ಬಾವಿನೀರಿಗೆ ಬ್ಯುರೆಟ್ ಎಂಬ ಗಾಜಿನ ನಳಿಕೆಯಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತ, ಅದನ್ನು ಇಟ್ಟಿಗೆಗೆಂಪಿಗೆ ತಿರುಗಿಸುವ ಆ ಒಂದು ಹನಿಯನ್ನು ಹಿಡಿಯಲು ಮೇಡಂ ಕಲಿಸಿದರು; ಅಲ್ಲಿಯತನಕದ ಹನಿಗಳ ಲೆಕ್ಕವೇ ಉಪ್ಪಿನ ಲೆಕ್ಕ. ಅಂಕಿ ಅಳಿಸಲು ಬಿಡುತ್ತಿರಲಿಲ್ಲ: "ತಪ್ಪು ಬಂದದ್ದು ತಪ್ಪೇ ಇರ್ಲಿ. ಅಳಿಸಿದಿ ಅಂದ್ರ ಅದು ಸುಳ್ಳಾಗ್ತದ."

ಎರಡನೇ ವರ್ಷ, ಬೇಸಿಗೆಯ ಸಂಶೋಧನಾ ತರಬೇತಿಗೆ ಅರ್ಜಿ ತುಂಬುವಾಗ, ಈ ನೀರಿನ ಕೆಲಸ ಬರೆಯಲೇ ಎಂದು ಕೇಳಿದೆ.

"ಇದಕ್ಕ ರಿಸರ್ಚ್ ಅಂತಾರೇನ ಹುಚ್ಚಿ? ಇದು ಕೈ ಪಳಗಿಸೋದು."

ಎಲ್ಲರ ಮಾತಿಗೂ ಅಡ್ಡ ಮಾತಾಡುವ ನಾನು ಅದನ್ನು ನಂಬಿದೆ. ಅನುಭವದ ಜಾಗದಲ್ಲಿ 'ಇಲ್ಲ' ಎಂದು ಬರೆದೆ. ಆಯ್ಕೆಯಾಗಲಿಲ್ಲ.

ಮೂರನೇ ವರ್ಷ ಡಿಬೇಟಿಗೆಂದು ಭಾಲ್ಕಿಗೆ ಹೋದರೆ, ಪಕ್ಕದ ಸಭಾಂಗಣದಲ್ಲಿ ಅಧ್ಯಾಪಕರ ವಿಜ್ಞಾನ ಗೋಷ್ಠಿ. ಗೋಡೆಯ ಮೇಲೆ ನಮ್ಮ ಮೇಡಂ ಅವರ ಪೋಸ್ಟರು: ಡಾಬಕಾದ ಬಾವಿನೀರಿನಲ್ಲಿ ಉಪ್ಪಿನ ಏರಿಳಿತ. ನನ್ನವೇ ಅಂಕಿಗಳು. ನಾನು ಹನಿ ತಪ್ಪಿಸಿದ್ದ ಸೋಮವಾರದ ಅಂಕಿಯೂ ಇತ್ತು. ನನ್ನ ಹೆಸರು ಇರಲಿಲ್ಲ.

ಮರುದಿನ ಲ್ಯಾಬಿನಲ್ಲಿ ಕೇಳಿದೆ. "ಇದು ರಿಸರ್ಚ್ ಅಲ್ಲ ಅಂದಿದ್ರಲ್ರಿ?"

"ಹೌದಂತ ಹೇಳಿದ್ರ ನೀ ಚಂದ ಕಾಣೋ ಅಂಕಿ ಬರ್ಕೊಂಡು ಬರ್ತಿದ್ದಿ."

ಒಳ್ಳೆಯ ವಾದ, ಒಪ್ಪುತ್ತೇನೆ. "ಹೆಸರು ಯಾಕ ಬಿಟ್ರಿ?"

ಅವರು ತೊಳೆದಿಟ್ಟಿದ್ದ ಬ್ಯುರೆಟ್ಟನ್ನೇ ಮತ್ತೆ ತೊಳೆಯತೊಡಗಿದರು. ಡಿಬೇಟಿನಲ್ಲಿ ಎದುರಿನವರು ಸುಮ್ಮನಾದರೆ ಗೆದ್ದಂತೆ. ಅಂದು ನನಗೆ ಹಾಗನ್ನಿಸಲಿಲ್ಲ.

ಸಿಲ್ವರ್ ನೈಟ್ರೇಟಿನ ಕಲೆ ಕೆಲ ದಿನಗಳಲ್ಲಿ ತಾನೇ ಹೋಗುತ್ತದೆ. ಅವರದು ಎಂದೂ ಹೋಗದಿದ್ದುದಕ್ಕೆ ಕಾರಣ, ಅವರು ಕೈಯಾರೆ ಕೆಲಸ ಮಾಡುವುದನ್ನು ಎಂದೂ ಬಿಡದಿದ್ದುದು. ಅದನ್ನು ನಾನು ಅಲ್ಲಗಳೆಯಲಾರೆ. ಈಗ ಎಂ.ಎಸ್ಸಿ. ಲ್ಯಾಬಿನಲ್ಲಿ ನನ್ನ ಹೆಬ್ಬೆರಳೂ ಕಪ್ಪು. ಸಂಶೋಧನೆ ಯಾವಾಗ ಶುರು ಮಾಡಬೇಕೆಂದು ಬಿ.ಎಸ್ಸಿ. ಹುಡುಗಿಯರು ಕೇಳಿದರೆ, "ಶುರು ಆಗೇ ಬಿಟ್ಟಿರ್ತದ, ನಿಮಗ ಯಾರೂ ಹೇಳಿರಂಗಿಲ್ಲ ಅಷ್ಟೇ" ಎನ್ನುತ್ತೇನೆ. ಮೊದಲ ಅಂಕಿಗೂ ಮುಂಚೆ ಹಾಳೆಯ ತಲೆಗೆ ಅವರವರ ಹೆಸರು ಬರೆಸುತ್ತೇನೆ. ಅಳಿಸಲು ಬಾರದ ಹಾಗೆ, ಪೆನ್ನಿನಲ್ಲಿ.