ಖಾಲಿ ಕಾರಿನ ಟೊಮೆಟೊ

ನಮ್ಮ ರೇಸ್ ತಂಡದಲ್ಲಿ ಇದ್ದವರು ಮೂವರು. ಮುಳಬಾಗಿಲಿನ ಗ್ಯಾರೇಜಿನ ಮೆಕ್ಯಾನಿಕ್, ಬೈರಕೂರಿನಿಂದ ಕೋಲಾರದ ಮಂಡಿಗೆ ದಿನಾ ಟೊಮೆಟೊ ಸಾಗಿಸುವ ಪಿಕಪ್ ಡ್ರೈವರ್, ಮತ್ತು ನಾನು. ನನ್ನ ಕೆಲಸ ಚಿಂತೆ ಮಾಡುವುದು. ಕಾಗದದ ಮೇಲೆ ಅದಕ್ಕೆ ಮ್ಯಾನೇಜರ್ ಎಂದು ಹೆಸರು.

ನಮ್ಮ ಹಳೇ ಕಾರು ಹಿಂದಿನ ಎರಡು ರೇಸುಗಳಲ್ಲೂ ಅರ್ಧಕ್ಕೇ ನಿಂತಿತ್ತು. ಗ್ಯಾರೇಜಿನ ಒಡೆಯರು, ಅಂದರೆ ಮೆಕ್ಯಾನಿಕ್‌ನ ಅಣ್ಣ, ಹೇಳಿಬಿಟ್ಟಿದ್ದರು: "ಈ ಸಲಾನೂ ರೇಸ್ ಮುಗಿಸ್ಲಿಲ್ಲ ಅಂದ್ರೆ ಗಾಡಿ ಸೀದಾ ಗುಜರಿಗೆ."

ಹಾಗಾಗಿ ಗುರಿ ನಿಶ್ಚಯಿಸಲು ಕೂತೆವು. ಶ್ರೀನಿವಾಸಪುರದ ಹತ್ತಿರ ಮಣ್ಣಿನ ಟ್ರ್ಯಾಕು, ಹತ್ತು ಸುತ್ತು, ಹನ್ನೆರಡು ಕಾರು.

"ಫಸ್ಟ್ ಬರ್ಬೇಕು, ಅಷ್ಟೇ," ಎಂದ ಮೆಕ್ಯಾನಿಕ್.

"ಮೊದ್ಲು ಕೊನೇವರೆಗೂ ಹೋಗ್ಲಿ ಕಣೋ. ಲಾಸ್ಟ್ ಬಂದ್ರೂ ಪರ್ವಾಗಿಲ್ಲ," ಎಂದೆ ನಾನು.

"ಲಾಸ್ಟ್ ಬರೋಕೆ ಇಂಜಿನ್ ಯಾಕ್ ಬಿಚ್ಬೇಕಿತ್ತು ಸಾರ್? ತಳ್ಕೊಂಡೇ ಹೋಗ್ಬಹುದಿತ್ತಲ್ಲ."

ಡ್ರೈವರ್ ಬೋಂಡ ತಿನ್ನುತ್ತಾ, "ಇಬ್ರೂ ಸೇರಿ ಒಂದು ಹೇಳಿ. ನಂಗಿರೋದು ಒಂದೇ ಸ್ಟೇರಿಂಗು," ಎಂದ.

ಒಪ್ಪಂದವಾಗಲಿಲ್ಲ. ಆದ್ದರಿಂದ ರೇಸಿನ ಬೆಳಿಗ್ಗೆ ನಾನೊಂದು ಕಳ್ಳಕೆಲಸ ಮಾಡಿದೆ. ಡ್ರೈವರನ್ನು ಪಕ್ಕಕ್ಕೆ ಕರೆದು, "ಹಿಂದೆ ಟೊಮೆಟೊ ಕ್ರೇಟ್ ತುಂಬಿದೆ ಅಂದ್ಕೊಂಡು ಓಡ್ಸು. ಒಂದು ಹಣ್ಣೂ ನಜ್ಜುಗುಜ್ಜಾಗ್ಬಾರ್ದು," ಎಂದೆ. ಅವನು ತಲೆಯಾಡಿಸಿದ. ಮೆಕ್ಯಾನಿಕ್ ಅದಕ್ಕೂ ಮೊದಲೇ ಅವನ ಕಿವಿಯಲ್ಲಿ, "ಮಂಡೀಲಿ ಹರಾಜು ಶುರುವಾಗೋಗಿದೆ ಅಂದ್ಕೊಂಡು ಓಡ್ಸು," ಎಂದು ಊದಿದ್ದು ನನಗೆ ತಿಳಿದದ್ದು ಆಮೇಲೆ.

ಟೊಮೆಟೊ ತುಂಬಿಕೊಂಡು ಹರಾಜಿಗೆ ತಡವಾಗಿ ಓಡುವುದೇ ಅವನ ದಿನನಿತ್ಯದ ಬಾಳು. ನೇರ ದಾರಿಯಲ್ಲಿ ಕಾರು ಹಾರಿತು. ತಿರುವು ಬಂದಾಗ ತೊಟ್ಟಿಲು ತೂಗಿದಂತೆ ತಿರುಗಿತು. ಏಳನೇ ಸುತ್ತಿನ ಹೊತ್ತಿಗೆ ನಾವು ಮೂರನೆಯವರು.

ಆಗ ನನಗೇನಾಯಿತೋ, ಬೇಲಿ ಹಿಡಿದು "ತುಳಿಯೋ, ಇನ್ನೂ ತುಳಿಯೋ" ಎಂದು ಅರಚತೊಡಗಿದೆ. ಬಾನೆಟ್ಟಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಫಸ್ಟ್ ಬೇಕೆಂದಿದ್ದ ಮೆಕ್ಯಾನಿಕ್ ನನ್ನ ಅಂಗಿ ಜಗ್ಗಿ, ಆಚೆ ನಿಂತಿದ್ದ ತನ್ನ ಅಣ್ಣನ ಕಡೆ ಕಣ್ಣು ಹಾಯಿಸುತ್ತಾ, "ಸಾರ್, ಸುಮ್ನಿರಿ. ಭಾಯ್ ನೋಡ್ತಾವ್ರೆ. ಗೆರೆ ಮುಟ್ಟಿದ್ರೆ ಸಾಕು," ಎನ್ನುತ್ತಿದ್ದ.

ಡ್ರೈವರ್ ಕಾಲು ಸಡಿಲಿಸಿದ. ನಾಲ್ಕು ಕಾರು ನಮ್ಮನ್ನು ದಾಟಿದವು. ಕೆಮ್ಮುತ್ತಾ, ಹೊಗೆ ಬಿಡುತ್ತಾ ನಮ್ಮದು ಏಳನೆಯದಾಗಿ ಗೆರೆ ದಾಟಿತು.

"ಕೊನೇಗೆ ಯಾರ ಮಾತು ಕೇಳ್ದೆ?" ಎಂದು ಅವನು ಇಳಿಯುವ ಮೊದಲೇ ಕೇಳಿದೆ.

"ಇಂಜಿನ್ ಮಾತು. ನಿಮ್ಮಿಬ್ರಿಗಿಂತ ಅದಕ್ಕೇ ಬುದ್ಧಿ ಇರೋದು."

ಅಣ್ಣ ಕಾರನ್ನು ಒಂದು ಸುತ್ತು ಬಂದರು. ಬಾನೆಟ್ ಮುಟ್ಟಿ ಕೈ ಒದರಿಕೊಂಡರು. "ಸರಿ, ಮುಗಿಸಿದ್ದೀರ. ಗಾಡಿ ಇರ್ಲಿ. ಮುಂದಿನ ಸಲ ಆರನೇದು ಬನ್ನಿ, ಜಾಸ್ತಿ ಏನೂ ಕೇಳ್ತಾ ಇಲ್ಲ."

"ಬರೀ ಆರಾ ಭಾಯ್?" ಎಂದು ಮೆಕ್ಯಾನಿಕ್ ಮುಖ ಸಣ್ಣ ಮಾಡಿಕೊಂಡ. ಅಕಸ್ಮಾತ್ ಐದನೆಯದು ಬಂದುಬಿಟ್ಟರೆ ಇವರು ಆಮೇಲೆ ಏನು ಕೇಳಿಯಾರು ಎಂಬ ಚಿಂತೆ ನನಗೆ ಅಲ್ಲೇ ಹತ್ತಿಕೊಂಡಿತು.