ಮನಿಗಿ ಬಾ

ಸೂಡಿಯಲ್ಲಿ ಅಕ್ಕನ ಹಿತ್ತಲಿಗೆ ಮೊಟ್ಟೆಯಿಂದ ಮರಿ ಮಾಡುವ ಪೆಟ್ಟಿಗೆ ತಂದಿಟ್ಟವನು ನಾನೇ. ಒಳಗೆ ಬಲ್ಬು, ಮೇಲೆ ಅಂಗೈಯಗಲದ, ಒಂದೇ ಬೋರ್ಡಿನ ಕಂಪ್ಯೂಟರ್. ಶಾಖ ಇಳಿದರೆ ಅದು ಮನೆಯ ವೈಫೈ ಹಿಡಿದು ಅಕ್ಕನ ಫೋನಿಗೂ ನರಗುಂದದಲ್ಲಿರುವ ನನ್ನ ಫೋನಿಗೂ ಸುದ್ದಿ ಕಳಿಸಬೇಕು. ಅಕ್ಕ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸುದ್ದಿ ಸಿಕ್ಕರೆ ಎರಡು ನಿಮಿಷದಲ್ಲಿ ಮನೆ ಮುಟ್ಟುತ್ತಾಳೆ.

ಎರಡು ಸಲ ಸುದ್ದಿ ಬರಲಿಲ್ಲ, ಎರಡು ಸಲವೂ ಮರಿಗಳು ಚಿಪ್ಪಿನೊಳಗೇ ಸತ್ತವು. ಕರೆಂಟ್ ಹೋಗಿ ಬ್ಯಾಟರಿ ಹಿಡಿಯುವಷ್ಟರಲ್ಲಿ ವೈಫೈ ಡಬ್ಬಿ ಒಮ್ಮೆ ಆರಿ ಹೊತ್ತಿಕೊಳ್ಳುತ್ತಿತ್ತು. ಕಂಪ್ಯೂಟರು ತಾನಾಗಿ ಮತ್ತೆ ಅದಕ್ಕೆ ಕೂಡಿಕೊಳ್ಳಲೆಂದು ಪಾಸ್‌ವರ್ಡ್ ಸೇರಿಸಿ ನಾನೊಂದು ಪ್ರೋಗ್ರಾಂ ಬರೆದಿದ್ದೆ. ನರಗುಂದದ ನನ್ನ ಮನೆಯಲ್ಲಿ, ಅಲ್ಲಿನ ಪಾಸ್‌ವರ್ಡ್ ಹಾಕಿ, ಹತ್ತು ಸಲ ಡಬ್ಬಿ ಆರಿಸಿದರೂ ಹತ್ತು ಸಲ ಕೂಡಿಕೊಂಡಿತು. ಸೂಡಿಯಲ್ಲಿ ಮಾತ್ರ ಮೊದಲು ಅಕ್ಕ ಪಾಸ್‌ವರ್ಡ್ ಒತ್ತಿ ಜೋಡಿಸಿದರೆ ನಡೆಯುತ್ತಿತ್ತು, ಒಮ್ಮೆ ಸಂಪರ್ಕ ತಪ್ಪಿತೆಂದರೆ ಮುಗಿಯಿತು. ನಾನು ಡಬ್ಬಿಯನ್ನು ಬೈದೆ, ವೋಲ್ಟೇಜನ್ನು ಬೈದೆ, ಕಂಪ್ಯೂಟರಿನ ಮೆಮೊರಿ ಕಾರ್ಡು ಬದಲಿಸಿದೆ. ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ನನ್ನನ್ನೂ ಬೈದುಕೊಂಡೆ.

ಮೂರನೆಯ ಸಲ ಪೆಟ್ಟಿಗೆಯಲ್ಲಿ ಮೊಟ್ಟೆ ಜೋಡಿಸುವಾಗ ಅಕ್ಕ ಹೇಳಿದ್ದಳು, "ಈ ಸಲಾನೂ ತತ್ತಿ ಕೆಟ್ಟರ ಪೆಟಗಿ ತಗೊಂಡು ಹೋಗಿಬಿಡು ತಮ್ಮಾ. ಸತ್ತ ಮರಿ ತಿಪ್ಪಿಗೆ ಒಗಿಯೂದು ನನ್ನ ಕೈಲೆ ಆಗೂದಿಲ್ಲ."

ಹದಿನೆಂಟನೆಯ ದಿನ ಬೆಳಿಗ್ಗೆ ನನ್ನ ಫೋನಿನಲ್ಲಿ ಶಾಖದ ಅಂಕಿ ಅಲುಗಾಡದೆ ನಿಂತುಬಿಟ್ಟಿತು. ಸಂಪರ್ಕ ಮತ್ತೆ ತಪ್ಪಿತ್ತು. ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಭಾವ ಗಜೇಂದ್ರಗಡಕ್ಕೆ ಹೋಗಿದ್ದರು. ಕಾಲೇಜಿಗೆ ರಜೆ ಹೇಳಿ ರೋಣದ ಬಸ್ಸು ಹತ್ತಿದೆ. ರೋಣದಲ್ಲಿ ಮುಂದಿನ ಬಸ್ಸು ಹೊರಡಲೇ ಒಲ್ಲದು. ಕಂಡಕ್ಟರನನ್ನು ಮೂರು ಸಲ ಕೇಳಿದೆ. "ಕುಂದರ್ರಿ ಸರ, ಡ್ರೈವರ ಚಾ ಕುಡಿಯಾಕ ಹೋಗ್ಯಾರ," ಎಂದ. ಜಕ್ಕಲಿ ದಾಟುವ ಹೊತ್ತಿಗೆ ನನಗೆ ಅಳುವೇ ಬಂದಿತ್ತು. ನಲವತ್ತೆಂಟು ವರ್ಷದವನು ಕೋಳಿಮೊಟ್ಟೆಗಾಗಿ ಬಸ್ಸಿನಲ್ಲಿ ಅಳುವುದು ಯಾರಿಗೂ ಕಾಣಬಾರದೆಂದು ಕಿಟಕಿಯತ್ತ ತಿರುಗಿ ಕೂತೆ.

ಹಿತ್ತಲಿಗೆ ಹೋದಾಗ ಬಲ್ಬು ಸುಟ್ಟುಹೋಗಿತ್ತು. ಮೊಟ್ಟೆಗಳು ತಣ್ಣಗಿದ್ದವು. ಹೊಸ ಬಲ್ಬು ಹಾಕಿದೆ. ಕಂಪ್ಯೂಟರಿಗೆ ಟಿವಿ ಜೋಡಿಸಿ ಪ್ರೋಗ್ರಾಂ ತೆರೆದು ಕೂತಿದ್ದಾಗ ಅಕ್ಕ ಶಾಲೆಯಿಂದ ಬಂದಳು. ಮೊಟ್ಟೆ ಮುಟ್ಟಿ ನೋಡಿದಳು. ನನ್ನ ಹಿಂದೆ ನಿಂತು ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದಳು.

"ಎಂ, ಎ, ಎನ್... ಇಲ್ಲೆ ಇ ಯಾಕ ಬಂತು? ಐ ಬರಬೇಕಲ್ಲ."

"ಪಾಸ್‌ವರ್ಡ್ 'ಮನೆಗೆ ಬಾ' ಅಂತಲ್ಲವೇ? ನೀನೇ ಹೇಳಿದ್ದೆ."

"ನಾ ಯಾವಾಗ ಮನೆ ಅಂದೀನೋ? ಮನಿಗಿ ಬಾ."

ಅವಳು ಹೇಳಿದ್ದು ಸರಿಯಾಗಿಯೇ ಕೇಳಿಸಿತ್ತು. ಬರೆಯುವಾಗ ನನ್ನ ಕೈ ತಾನಾಗಿ ತಿದ್ದಿಬಿಟ್ಟಿತ್ತು. ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಬಂದ ಅಕ್ಕನ ಕಾಗದದ ಕೊನೆಯಲ್ಲೂ ಇದೇ ಎರಡು ಮಾತಿದ್ದವು. ನಾನು ಅವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅದೇ ಕಾಗದವನ್ನು ಲಕೋಟೆಗೆ ಹಾಕಿ ವಾಪಸು ಕಳಿಸಿದ್ದೆ. ದೊಡ್ಡ ಜಾಣತನ ಮಾಡಿದೆನೆಂದು ಗೆಳೆಯರಿಗೆ ತೋರಿಸಿಯೂ ಇದ್ದೆ. ಆಮೇಲೆ ಅವಳು ನನಗೆ ಕಾಗದ ಬರೆಯಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಎರಡು ಅಕ್ಷರ ಬದಲಿಸಿದೆ. ಅಕ್ಕ ಒಳಗೆ ಹೋಗಿ ವೈಫೈ ಡಬ್ಬಿ ಆರಿಸಿ ಮತ್ತೆ ಹಚ್ಚಿ ಬಂದಳು. ಇಬ್ಬರೂ ಕಾದೆವು. ಸ್ವಲ್ಪ ಹೊತ್ತಿಗೆ ಇಬ್ಬರ ಫೋನುಗಳೂ ಒಟ್ಟಿಗೇ ಸದ್ದು ಮಾಡಿದವು. ಪೆಟ್ಟಿಗೆಯ ಶಾಖ ಇಳಿದಿದೆ, ಕೂಡಲೇ ಗಮನಿಸಿ ಎಂದು ನಾನೇ ಬರೆದಿಟ್ಟಿದ್ದ ಸುದ್ದಿ.

"ಬಂತ ನೋಡು," ಅಂದಳು ಅಕ್ಕ. "ಈಗ ಬಂತು."

ಸಂಜೆಯವರೆಗೂ ಬಲ್ಬಿನ ಶಾಖದಲ್ಲಿಟ್ಟು ನೋಡಿದೆವು. ಅಕ್ಕ ಒಂದೊಂದೇ ಮೊಟ್ಟೆಯನ್ನು ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದಳು. ಒಂದರೊಳಗೂ ಮಿಸುಕಾಟವಿರಲಿಲ್ಲ. ಕೊನೆಯದನ್ನು ಕೆಳಗಿಟ್ಟು, ಸೆರಗಿಗೆ ಕೈಯೊರೆಸಿಕೊಂಡು, ಮೂಲೆಯಲ್ಲಿದ್ದ ಬುಟ್ಟಿ ತಂದಳು.

"ಬುಟ್ಟಿ ನನಗ ಕೊಡು ಅಕ್ಕಾ," ಅಂದೆ. "ನಾ ಒಗದು ಬರ್ತೀನಿ."